ಬಂಡೆಯ ಧೂಳೂ ಯಂತ್ರ ನಡೆಸುವವರ ಎದೆಯೂ

ಹೊಲದಲ್ಲಿ ಕೆಲಸ ಕಡಿಮೆಯಾದ ತಿಂಗಳುಗಳಲ್ಲಿ ನಮ್ಮ ಹೊಸೂರು, ಡೆಂಕಣಿಕೋಟೆ ಕಡೆಯ ಒಕ್ಕಲುಮಕ್ಕಳು ಅನೇಕರು ಯಂತ್ರದ ಮೇಲೆ ಕೂರುತ್ತಾರೆ. ಒಬ್ಬನು ಜೆಸಿಬಿ ನಡೆಸಿದರೆ ಇನ್ನೊಬ್ಬನು ಬೋರ್ ಲಾರಿಯಲ್ಲಿರುತ್ತಾನೆ, ಮತ್ತೊಬ್ಬನು ಜಲ್ಲಿ ಕ್ರಷರಿನ ಮುಂದೆ ಲೋಡರಿನಲ್ಲಿ. ಕೂಲಿ ಮೇಲು, ತಲೆಯ ಮೇಲೆ ತಗಡಿನ ನೆರಳೂ ಉಂಟು. ಆದುದರಿಂದ ಇದು ಸುಖದ ಕೆಲಸವೆಂದೇ ಮನೆಯವರ ಎಣಿಕೆ. ಸಂಜೆ ಅವನ ರೆಪ್ಪೆಯ ಮೇಲೆ ಕುಳಿತಿರುವ ಬಿಳಿಯ ಪುಡಿಯನ್ನು ಕುರಿತು ಎರಡು ಮಾತು ಹೇಳಬೇಕಾಗಿದೆ.

ಕಣದ ಧೂಳೂ ಒಳ್ಳೆಯದಲ್ಲ. ಆದರೆ ಬಂಡೆಯ ಧೂಳಿನ ಗುಣವೇ ಬೇರೆ. ನಮ್ಮ ಸೀಮೆಯ ಗ್ರಾನೈಟ್ ಕಲ್ಲಿನಲ್ಲಿ ಸಾಮಾನ್ಯವಾಗಿ ಕಾಲು ಪಾಲಿನಷ್ಟು, ಕೆಲವೆಡೆ ಅದಕ್ಕೂ ಹೆಚ್ಚು, ಬೆಣಚುಕಲ್ಲಿನ ಅಂಶವಿರುತ್ತದೆ. ಇದೇ ಸಿಲಿಕಾ. ದಪ್ಪ ಪುಡಿಯನ್ನು ಮೂಗು ತಡೆದು ಹೊರಗೆ ಹಾಕುತ್ತದೆ. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಐದು ಮೈಕ್ರಾನಿಗಿಂತ ಸಣ್ಣ ಕಣ ಕಣ್ಣಿಗೆ ಕಾಣದು, ಮೂಗಿಗೆ ಸಿಕ್ಕದು. ನೇರವಾಗಿ ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ಅದರ ಸುತ್ತ ಹುಣ್ಣು ಮಾಯ್ದ ಕಲೆಯಂತೆ ಮಾಂಸ ಗಟ್ಟಿಯಾಗುತ್ತದೆ. ಇದು ಸಿಲಿಕೋಸಿಸ್. ಗುಣಪಡಿಸುವ ಮದ್ದಿಲ್ಲ. ಸಾಮಾನ್ಯವಾಗಿ ಹತ್ತಾರು ವರ್ಷ ಕಳೆದ ಮೇಲೆ ತೋರುವುದರಿಂದ, ಇಪ್ಪತ್ತೈದರ ಹುಡುಗನಿಗೆ ಹೇಳಿದರೆ ನಗುತ್ತಾನೆ.

ಇದು ನಮಗೆ ಹೊಸ ಕಥೆಯಲ್ಲ. ಹತ್ತಿರದ ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಪರೀಕ್ಷಿಸಿದಾಗ ನೂರರಲ್ಲಿ ನಲವತ್ತಕ್ಕೂ ಮೇಲ್ಪಟ್ಟವರಿಗೆ ಈ ರೋಗವಿತ್ತು. ಗಣಿ 2001ರಲ್ಲಿ ಮುಚ್ಚಿತು. ಕಲ್ಲು ಒಡೆಯುವ ಕೆಲಸ ಮಾತ್ರ ಊರೂರಿಗೆ ಬಂದಿದೆ.

ಅಮೆರಿಕದಲ್ಲಿ 2016ರಲ್ಲಿ ಹೊರಡಿಸಿದ ನಿಯಮದಂತೆ ಎಂಟು ಗಂಟೆಯ ಕೆಲಸದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಮ್ ಸಿಲಿಕಾ ಮೀರಬಾರದು. ಒಂದು ಗ್ರಾಮನ್ನು ಇಪ್ಪತ್ತು ಸಾವಿರ ಪಾಲು ಮಾಡಿ ಒಂದನ್ನು ತೆಗೆದುಕೊಂಡಂತೆ! ಕೈಯಿಂದ ಬೀಸಿ ದೂರ ಮಾಡುವ ಲೆಕ್ಕವಲ್ಲ ಇದು.

ಯಂತ್ರ ನಡೆಸುವವನಿಗೆ ಒಂದು ಅನುಕೂಲವುಂಟು. ಅವನು ಗೂಡಿನೊಳಗೆ ಕೂರುತ್ತಾನೆ. ಆ ಗೂಡು ಸರಿಯಾಗಿದ್ದರೆ ಅದೇ ದೊಡ್ಡ ರಕ್ಷೆ. ಆದರೆ ಸೆಕೆಗೆಂದು ಗಾಜು ಇಳಿಸಿ, ಬಾಗಿಲನ್ನೇ ಕಳಚಿಟ್ಟು ನಡೆಸುವ ಯಂತ್ರಗಳನ್ನು ನಾವು ದಿನವೂ ನೋಡುತ್ತೇವೆ. ಒಳಗೆ ತಂಪು ಗಾಳಿಯ ಯಂತ್ರ ಕೆಟ್ಟಿದ್ದರೆ ಗಾಜು ಮುಚ್ಚೆಂದು ಹೇಳುವುದು ವ್ಯರ್ಥ. ಅದನ್ನು ರಿಪೇರಿ ಮಾಡಿಸುವುದು ಮಾಲೀಕನ ಕರ್ತವ್ಯ, ಉಪಕಾರವಲ್ಲ. ಹೊರಗಿನ ಗಾಳಿ ಫಿಲ್ಟರಿನ ಮೂಲಕವೇ ಒಳಬರಬೇಕು. ಒಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚಿರಬೇಕು. ಆಗ ಸಂದಿಯಿದ್ದರೂ ಗಾಳಿ ಹೊರಕ್ಕೆ ಹೋಗುವುದೇ ಹೊರತು ಧೂಳು ಒಳಕ್ಕೆ ಬಾರದು. ಪರೀಕ್ಷೆ ಸುಲಭ. ಫ್ಯಾನ್ ಹಾಕಿ, ಬಾಗಿಲು ಮುಚ್ಚಿ, ಹಚ್ಚಿದ ಊದುಬತ್ತಿಯನ್ನು ಹೊರಗಿನಿಂದ ಬಾಗಿಲ ಸಂದಿಗೆ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಂಡರೆ ರಬ್ಬರು ಪಟ್ಟಿ ಸವೆದಿದೆ, ಇಲ್ಲವೆ ಫಿಲ್ಟರ್ ಕಟ್ಟಿದೆ.

ಮೆಟ್ಟಿನ ಮಣ್ಣು ಗೂಡಿನೊಳಗೇ ಒಣಗಿ ಹಾರುತ್ತದೆ. ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕಂಪ್ರೆಸರಿನ ಗಾಳಿಯಿಂದ ಫಿಲ್ಟರನ್ನೋ ಮೈಮೇಲಿನ ಬಟ್ಟೆಯನ್ನೋ ಊದಿಕೊಳ್ಳುವ ಚಾಳಿ ಬಹಳ ಕೆಟ್ಟದ್ದು.

ಬೋರ್ ಕೊರೆಯುವವರಿಗೆ ಗೂಡಿಲ್ಲ. ನೀರು ಬೀಳುವ ತನಕ ಬಾವಿಯಿಂದ ಬರುವುದೆಲ್ಲ ಒಣ ಹಿಟ್ಟೇ. ಕೊರೆಯುವಾಗಲೇ ಗಾಳಿಯೊಡನೆ ನೀರು ಬಿಡುವ ಏರ್ಪಾಡಿದ್ದರೆ ಅದನ್ನು ಬಳಸಿರೆಂದು ಬೋರ್ ಹಾಕಿಸುವ ರೈತನೇ ಕೇಳಬಹುದು. ಒಂದು ಟ್ಯಾಂಕರ್ ನೀರು ಅವನೇ ಒದಗಿಸಿದರೂ ನಷ್ಟವಿಲ್ಲ. ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ, ಧೂಳು ಕೆಳಗಾಳಿಗೆ ಹೋಗುವಂತೆ ನಿಲ್ಲಬೇಕು. ನೋಡಲು ಬಂದ ಮಕ್ಕಳನ್ನು ಮೊದಲು ದೂರ ಕಳಿಸಿರಿ.

ಮುಖಕ್ಕೆ ಸುತ್ತಿದ ಟವಲು ಈ ಕಣಗಳಿಗೆ ತೆರೆದ ಬಾಗಿಲಿದ್ದಂತೆ. ಎನ್-95 ಜಾತಿಯ ಮುಖವಾಡವೇ ಬೇಕು. ಗಡ್ಡವಿದ್ದರೆ ಅದೂ ಕೂರದು.

ಸಿಲಿಕಾ ತುಂಬಿದ ಎದೆಗೆ ಕ್ಷಯ ಸುಲಭವಾಗಿ ಹತ್ತುತ್ತದೆ; ಎರಡೂ ಎಕ್ಸ್-ರೇ ಚಿತ್ರದಲ್ಲಿ ಒಂದರಂತೆ ಇನ್ನೊಂದು ಕಾಣುವುದುಂಟು. ಕೆಮ್ಮು, ಏದುಸಿರು ವಾರಗಟ್ಟಲೆ ನಿಂತರೆ ಆಸ್ಪತ್ರೆಗೆ ಹೋದಾಗ ಬೇಸಾಯವೆಂದಷ್ಟೇ ಬರೆಸದೆ, ಎಷ್ಟು ವರ್ಷ ಯಾವ ಯಂತ್ರ, ಯಾವ ಕಲ್ಲು ಎಂಬುದನ್ನು ವೈದ್ಯರಿಗೆ ಹೇಳಿ ಚೀಟಿಯಲ್ಲಿ ಬರೆಸಿರಿ. ಮುಂದೆ ಪರಿಹಾರ ಕೇಳಬೇಕಾಗಿ ಬಂದರೆ ಆ ಚೀಟಿಯೂ ಹಳೆಯ ಎಕ್ಸ್-ರೇ ಹಾಳೆಯೂ ಬೇಕಾಗುತ್ತವೆ. ಪಹಣಿ ಪತ್ರಗಳ ಜೊತೆಯಲ್ಲೇ ಇಟ್ಟುಕೊಳ್ಳಿರಿ.