ಹಿಂದಕ್ಕೆ ಮೂರು ಮೀಟರ್, ಇಲ್ಲವೇ ಬೇರೆ ಮನೆ

ಮಗಳು–ಅಳಿಯ ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ವಂತ ಮನೆ ಕೊಂಡಿದ್ದಾರೆ. ಇಬ್ಬರೂ ದುಡಿಯುತ್ತಾರೆ, ಮಕ್ಕಳು ಬೆಳೆಯುತ್ತಿದ್ದಾರೆ. ಕೋಣೆ ಸಾಲದಿದ್ದರೆ ಮೇಲೊಂದು ಮಹಡಿ ಎಬ್ಬಿಸಿದರಾಯಿತು, ಇದಕ್ಕೇಕೆ ಇಷ್ಟು ಯೋಚನೆ? ಊರಿನಿಂದ ಫೋನ್ ಮಾಡುವ ಹಿರಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ನಮ್ಮಲ್ಲಿ ತಾರಸಿ ಹಾಕುವಾಗಲೇ ಕಂಬಗಳ ಕಂಬಿಗಳನ್ನು ಆಕಾಶಕ್ಕೆ ಬಿಟ್ಟಿರುತ್ತೇವೆ. ಮಗನಿಗೆ ಮದುವೆಯಾದರೆ ಮೇಲೆ ಕಟ್ಟೋಣ ಎಂಬ ಲೆಕ್ಕ ಮನೆಯ ನಕ್ಷೆಯಲ್ಲೇ ಇರುತ್ತದೆ.

ಇಂಗ್ಲೆಂಡಿನ ಮನೆಗೆ ಆ ಕಂಬಿಗಳಿಲ್ಲ. ಮೇಲಿರುವುದು ಇಳಿಜಾರು ಹೆಂಚಿನ ಮಾಡು. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಸುತ್ತಮುತ್ತ ನಮ್ಮವರು ಕೊಳ್ಳುವ ಮನೆಗಳಲ್ಲಿ ಬಹಳಷ್ಟು ‘ಸೆಮಿ ಡಿಟ್ಯಾಚ್ಡ್’, ಅಂದರೆ ಒಂದು ಗೋಡೆಯನ್ನು ಪಕ್ಕದವರೊಂದಿಗೆ ಹಂಚಿಕೊಂಡ ಜೋಡಿ ಮನೆ. 1930ರ ದಶಕದಲ್ಲಿ ಕಟ್ಟಿದ ಇಂಥ ಮನೆಗಳ ವಿನ್ಯಾಸವನ್ನು ಕಣ್ಣು ಮುಚ್ಚಿ ಹೇಳಬಹುದು: ಕೆಳಗೆ ಎರಡು ಕೋಣೆ ಮತ್ತು ಕಿರಿದಾದ ಅಡುಗೆಮನೆ, ಮೇಲೆ ಎರಡು ಮಲಗುವ ಕೋಣೆ, ಒಂದು ಬಚ್ಚಲು. ಜೊತೆಗೆ ಮೂರನೇ ಬೆಡ್‌ರೂಮ್ ಎಂದು ಜಾಹೀರಾತಿನಲ್ಲಿ ಎಣಿಕೆಯಾಗುವ ‘ಬಾಕ್ಸ್ ರೂಮ್’. ಅದರಲ್ಲಿ ಒಂದು ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಒಂದು ಮಗುವಿದ್ದಾಗ ಸಾಕಾಗುವ ಈ ಮನೆ, ಎರಡು ಮಕ್ಕಳಾಗಿ, ಮನೆಯಿಂದಲೇ ಕೆಲಸ ಶುರುವಾಗಿ, ಊರಿನಿಂದ ಅಪ್ಪ–ಅಮ್ಮ ಬಂದಿಳಿದ ದಿನ ಇಕ್ಕಟ್ಟಾಗುತ್ತದೆ. ರಾತ್ರಿ ಎದ್ದು ಕಡಿದಾದ ಮೆಟ್ಟಿಲು ಹತ್ತಿ ಶೌಚಾಲಯಕ್ಕೆ ಹೋಗಬೇಕಾದ ಎಪ್ಪತ್ತು ದಾಟಿದ ಮಂಡಿಗಳಿಗೆ ಅದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

ಆಗ ಮನೆಯಲ್ಲಿ ಚರ್ಚೆ ಏಳುತ್ತದೆ. ಇದನ್ನೇ ಹಿಗ್ಗಿಸುವುದೋ, ಬೇರೆಯದಕ್ಕೆ ಹೋಗುವುದೋ? ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಗಾದೆ, ಮನೆ ಬದಲಿಸಿ ನೋಡುವ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಿಗ್ಗಿಸುವುದಕ್ಕೆ ಇಂಗ್ಲೆಂಡಿನ ಕಾನೂನು ಒಂದಿಷ್ಟು ಸಡಿಲ ಕೊಟ್ಟಿದೆ. ಜೋಡಿ ಮನೆ ಅಥವಾ ಸಾಲು ಮನೆಯಾದರೆ ಹಿಂಭಾಗಕ್ಕೆ 3 ಮೀಟರ್, ಒಂಟಿ ಮನೆಯಾದರೆ 4 ಮೀಟರ್‌ವರೆಗೆ ಒಂದಂತಸ್ತಿನ ಕೋಣೆಯನ್ನು ಪೂರ್ಣ ಪ್ರಮಾಣದ ಅನುಮತಿಯಿಲ್ಲದೆ ಕಟ್ಟಬಹುದು. ಎತ್ತರ, ಗಡಿಯಿಂದ ದೂರ, ಹಿತ್ತಲಿನಲ್ಲಿ ಉಳಿಯಬೇಕಾದ ಜಾಗದ ಷರತ್ತುಗಳಿವೆ. ಅಕ್ಕಪಕ್ಕದವರಿಗೆ ಕೌನ್ಸಿಲ್ ನೋಟಿಸ್ ಕೊಟ್ಟು ಆಕ್ಷೇಪ ಕೇಳುವ ಇನ್ನೊಂದು ದಾರಿಯಲ್ಲಿ ಹೋದರೆ 6 ಮತ್ತು 8 ಮೀಟರ್‌ವರೆಗೂ ಸಾಧ್ಯ. ಮಾಡಿನೊಳಗಿನ ಅಟ್ಟವನ್ನು ಕೋಣೆಯಾಗಿಸುವವರಿಗೆ ಸಾಲು ಮನೆಗೆ 40 ಘನ ಮೀಟರ್, ಉಳಿದವಕ್ಕೆ 50 ಘನ ಮೀಟರ್ ಹೆಚ್ಚುವರಿ ಜಾಗದ ಮಿತಿ. ಈ ಅಳತೆಗಳೆಲ್ಲ 1948ರ ಜುಲೈ 1ರಂದು ಮನೆ ಹೇಗಿತ್ತೋ ಅಲ್ಲಿಂದ ಎಣಿಕೆ. ಆಮೇಲೆ ಕಟ್ಟಿದ್ದಾದರೆ ಮೊದಲು ಕಟ್ಟಿದ ರೂಪದಿಂದ. ಹಿಂದಿನ ಮಾಲೀಕ ಈಗಾಗಲೇ 3 ಮೀಟರ್ ಮುಗಿಸಿದ್ದರೆ ನಿಮ್ಮ ಪಾಲಿಗೆ ಉಳಿದದ್ದು ಶೂನ್ಯ. ಇದಕ್ಕಿಂತ ಹೆಚ್ಚು ಬೇಕಾದವರು ಅರ್ಜಿ ಹಾಕಬೇಕು. ಆ ಅರ್ಜಿಯ ಶುಲ್ಕ 2025ರ ಏಪ್ರಿಲ್‌ನಲ್ಲಿ 258 ಪೌಂಡ್‌ನಿಂದ 528 ಪೌಂಡ್‌ಗೆ ಏರಿತು.

ಅನುಮತಿಗಿಂತ ತಲೆನೋವಿನದು ಹಂಚಿಕೊಂಡ ಗೋಡೆ. 1996ರ ಪಾರ್ಟಿ ವಾಲ್ ಕಾಯ್ದೆಯಂತೆ, ಆ ಗೋಡೆಯನ್ನು ಮುಟ್ಟುವ ಮುನ್ನ ಪಕ್ಕದ ಮನೆಯವರಿಗೆ 2 ತಿಂಗಳ ಮುಂಚೆ, ಹತ್ತಿರದಲ್ಲಿ ಪಾಯ ಅಗೆಯುವುದಾದರೆ 1 ತಿಂಗಳ ಮುಂಚೆ ಲಿಖಿತ ನೋಟಿಸ್ ಕೊಡಬೇಕು. ಅವರು ಒಪ್ಪದಿದ್ದರೆ ಸರ್ವೇಯರ್ ನೇಮಕ, ಸಾಮಾನ್ಯವಾಗಿ ಎರಡೂ ಕಡೆಯ ಖರ್ಚು ಕಟ್ಟಿಸುವವರದ್ದೇ. ದೀಪಾವಳಿಗೆ ಪಕ್ಕದವರಿಗೆ ಒಂದು ಡಬ್ಬಿ ಮೈಸೂರು ಪಾಕ್ ಕೊಟ್ಟಿಟ್ಟಿದ್ದವರಿಗೆ ಈ ಹಂತ ಸ್ವಲ್ಪ ಸಲೀಸು ಎಂದು ಇಲ್ಲಿನವರು ತಮಾಷೆ ಮಾಡುವುದುಂಟು.

ಇನ್ನೊಂದು ಸಮಸ್ಯೆ ನೆಲದಡಿ ಇದೆ. ಹಳೆಯ ಸಾಲುಗಳಲ್ಲಿ ಹಲವು ಮನೆಗಳ ಕೊಳಚೆ ಕೊಳವೆ ಹಿತ್ತಲಿನ ಅಡಿಯಲ್ಲೇ ಹಾದುಹೋಗುತ್ತದೆ. 2011ರ ಅಕ್ಟೋಬರ್ 1ರಿಂದ ಹೀಗೆ ಹಂಚಿಕೊಂಡ ಕೊಳವೆಗಳು ನೀರಿನ ಕಂಪನಿಗಳ ಸ್ವತ್ತು. ಅದರ ಮೇಲೆ ಅಥವಾ 3 ಮೀಟರ್ ಒಳಗೆ ಕಟ್ಟಲು ಬರ್ಮಿಂಗ್‌ಹ್ಯಾಮ್‌ನಲ್ಲಿ ಸೆವರ್ನ್ ಟ್ರೆಂಟ್, ಮ್ಯಾಂಚೆಸ್ಟರ್‌ನಲ್ಲಿ ಯುನೈಟೆಡ್ ಯುಟಿಲಿಟೀಸ್, ಲೀಡ್ಸ್‌ನಲ್ಲಿ ಯಾರ್ಕ್‌ಶೈರ್ ವಾಟರ್ ಒಪ್ಪಬೇಕು. ಹೊಸ ಕೋಣೆ ಈಶಾನ್ಯಕ್ಕೆ ಬರಲಿ, ಆಗ್ನೇಯಕ್ಕೆ ಅಡುಗೆಮನೆ ಸರಿಯಲಿ ಎಂದು ಊರಿನಿಂದ ವಾಸ್ತು ಸಲಹೆ ಬರುತ್ತದೆ. ಕೊನೆಗೆ ಕೋಣೆ ಎಲ್ಲಿಗೆ ಬರಬೇಕೆಂದು ತೀರ್ಮಾನಿಸುವುದು ಮಾತ್ರ ಈ ಕೊಳವೆಯೇ.

ಮೂರು ನಗರಗಳೂ ಒಂದೇ ಬಗೆಯಲ್ಲ. ಮ್ಯಾಂಚೆಸ್ಟರ್ ಮತ್ತು ವಾಯವ್ಯ ಇಂಗ್ಲೆಂಡಿನಲ್ಲಿ ಮನೆ ನಿಮ್ಮದಾದರೂ ನೆಲ ಬೇರೆಯವರದ್ದು ಎಂಬ ದೀರ್ಘ ಗುತ್ತಿಗೆಯ ಪದ್ಧತಿ ಹಳೆಯದು. ಹಲವೆಡೆ 999 ವರ್ಷದ ಗುತ್ತಿಗೆ. ಕೋಣೆ ಸೇರಿಸಲು ನೆಲದ ಒಡೆಯನ ಒಪ್ಪಿಗೆ ಬೇಕೆಂದು ಪತ್ರದಲ್ಲಿ ಬರೆದಿದ್ದರೆ ಅದಕ್ಕೂ ಶುಲ್ಕ. ಬರ್ಮಿಂಗ್‌ಹ್ಯಾಮ್‌ನ ಬೋರ್ನ್‌ವಿಲ್ ಅನ್ನು ಚಾಕೊಲೇಟ್ ಕಾರ್ಖಾನೆಯ ಜಾರ್ಜ್ ಕ್ಯಾಡ್ಬರಿ ಬೆಳೆಸಿ, 1900ರಲ್ಲಿ ಟ್ರಸ್ಟ್‌ಗೆ ಒಪ್ಪಿಸಿದರು. ಅಲ್ಲಿ ಇಂದಿಗೂ ಮನೆಯ ರೂಪ ಬದಲಿಸಲು ಆ ಟ್ರಸ್ಟ್‌ನ ಅನುಮತಿ ಬೇಕು. ಲೀಡ್ಸ್‌ನ ಹೇರ್‌ಹಿಲ್ಸ್, ಬೀಸ್ಟನ್‌ಗಳಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಮನೆಗಳಿವೆ. ಮೂರು ಕಡೆ ಪಕ್ಕದವರ ಗೋಡೆ, ಮುಂದೆ ಮಾತ್ರ ಕಿಟಕಿ. 1909ರ ಕಾಯ್ದೆ ಇಂಥ ಹೊಸ ಮನೆಗಳನ್ನು ನಿಷೇಧಿಸಿತಾದರೂ ಲೀಡ್ಸ್ 1937ರವರೆಗೂ ಕಟ್ಟುತ್ತಲೇ ಹೋಯಿತು. ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡವರಿಗೆ ಹಿಂದಕ್ಕೆ ಒಂದು ಇಂಚೂ ಇಲ್ಲ. ಅಟ್ಟಕ್ಕೋ ನೆಲಮಾಳಿಗೆಗೋ ಹೋಗಬೇಕು, ಇಲ್ಲವೇ ಮನೆ ಬಿಡಬೇಕು.

ಖರ್ಚಿನ ಲೆಕ್ಕ

ಈಗ ದುಡ್ಡಿನ ಮಾತು. 20 ಚದರ ಮೀಟರ್‌ನ ಒಂದು ಕೋಣೆ, ಪಕ್ಕದಲ್ಲಿ ಶವರ್ ಮತ್ತು ಶೌಚಾಲಯ. ಚದರ ಮೀಟರ್‌ಗೆ 2,500 ಪೌಂಡ್ ಎಂದು ಹಿಡಿದರೆ 50,000. ಇದರ ಮೇಲೆ ಶೇ 20 ವ್ಯಾಟ್ ಸೇರಿ 60,000. ಹೊಸದಾಗಿ ಕಟ್ಟಿದ ಇಡೀ ಮನೆಗೆ ವ್ಯಾಟ್ ಇಲ್ಲ, ಇದ್ದ ಮನೆಗೆ ಕೋಣೆ ಸೇರಿಸಿದರೆ ಉಂಟು ಎಂಬುದು ಇಲ್ಲಿನ ತೆರಿಗೆಯ ವಿಚಿತ್ರ. ನಕ್ಷೆ, ಎಂಜಿನಿಯರ್, ಸರ್ವೇಯರ್ ಖರ್ಚು ಬೇರೆ. ಜೊತೆಗೆ ತಿಂಗಳುಗಟ್ಟಲೆ ಧೂಳು, ಹಾಲ್‌ನಲ್ಲಿ ಮೈಕ್ರೊವೇವ್ ಅಡುಗೆ.

ಬದಲಿಗೆ 3 ಲಕ್ಷ ಪೌಂಡ್‌ನ ಮನೆ ಮಾರಿ 4 ಲಕ್ಷದ್ದಕ್ಕೆ ಹೋಗುತ್ತೀರಿ ಎಂದಿಟ್ಟುಕೊಳ್ಳಿ. 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ ಮೊದಲ 1.25 ಲಕ್ಷಕ್ಕೆ ಮುದ್ರಾಂಕ ಶುಲ್ಕ ಇಲ್ಲ, ನಂತರದ 1.25 ಲಕ್ಷಕ್ಕೆ ಶೇ 2, ಅದರಾಚೆಗೆ ಶೇ 5. ಒಟ್ಟು 10,000 ಪೌಂಡ್. ಪೌಂಡಿಗೆ ನೂರು ರೂಪಾಯಿ ಎಂದು ಸುಲಭ ಲೆಕ್ಕ ಹಿಡಿದರೂ 10 ಲಕ್ಷ ರೂಪಾಯಿ. ಏಜೆಂಟ್, ವಕೀಲರು, ಸರ್ವೆ, ಸಾಮಾನು ಸಾಗಿಸುವ ಲಾರಿ ಸೇರಿದರೆ ಇನ್ನಷ್ಟು ಸಾವಿರ. ಒಂದು ಇಟ್ಟಿಗೆಯೂ ಏಳದೆ ಹೋಗುವ ಹಣ ಇದು. ಉಳಿದ 1 ಲಕ್ಷ ಪೌಂಡ್ ಹೊಸ ಸಾಲ. ಹೀಗೆ ನೋಡಿದರೆ ಹಿಗ್ಗಿಸುವುದೇ ಅಗ್ಗ. ಆದರೆ ಆ ಬೀದಿಯಲ್ಲಿ ಯಾವ ಮನೆಯೂ 3.3 ಲಕ್ಷದ ಮೇಲೆ ಮಾರಾಟವಾಗದಿದ್ದರೆ, 60,000 ಹಾಕಿದವರಿಗೆ ಅಷ್ಟೂ ಹಣ ಬೆಲೆಯಾಗಿ ಹಿಂದಿರುಗುವುದಿಲ್ಲ. ಕೆಲವೇ ವರ್ಷಗಳಲ್ಲಿ ಕೆಲಸ ಬದಲಾಗಿ ಊರು ಬಿಡುವ ಸಾಧ್ಯತೆಯಿದ್ದರೆ ಎರಡೂ ಬೇಡ, ಬಾಕ್ಸ್ ರೂಮಿನಲ್ಲಿ ಬಂಕ್ ಮಂಚ ಹಾಕಿ ಎನ್ನುವುದೇ ನನ್ನ ಅಭಿಪ್ರಾಯ.

ಸಾಲದ ಬಡ್ಡಿಯೂ ನಮ್ಮ ಗೃಹಸಾಲದಂತಲ್ಲ. ಹೆಚ್ಚಿನವರು 2 ಅಥವಾ 5 ವರ್ಷಕ್ಕೆ ದರ ಕಟ್ಟಿಹಾಕಿರುತ್ತಾರೆ. ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಮೂಲ ದರ 2021ರ ಡಿಸೆಂಬರ್‌ವರೆಗೆ ಶೇ 0.1 ಇದ್ದದ್ದು 2023ರ ಆಗಸ್ಟ್‌ಗೆ ಶೇ 5.25ಕ್ಕೆ ಏರಿ, ಬಳಿಕ ಮೆಲ್ಲಗೆ ಇಳಿಯತೊಡಗಿತು. ಅವಧಿಯ ನಡುವೆ ಸಾಲ ಮುರಿದರೆ ದಂಡ. ಹಳೆಯ ಸಾಲವನ್ನು ಹೊಸ ಮನೆಗೆ ಹೊತ್ತೊಯ್ಯಲು ಬ್ಯಾಂಕ್ ಬಿಟ್ಟರೂ ಹೆಚ್ಚುವರಿ ಮೊತ್ತಕ್ಕೆ ಇಂದಿನ ದರವೇ.

ಇನ್ನು, ಬೆಲೆ ಒಪ್ಪಿಕೊಂಡ ಮೇಲೂ ಇಂಗ್ಲೆಂಡಿನಲ್ಲಿ ಕರಾರು ಪತ್ರ ವಿನಿಮಯವಾಗುವವರೆಗೆ ಯಾರೂ ಬದ್ಧರಲ್ಲ. ನಮ್ಮಲ್ಲಿಯಂತೆ ಅಡ್ವಾನ್ಸ್ ಕೊಟ್ಟು ಕಟ್ಟಿಹಾಕುವುದು ನಡೆಯುವುದಿಲ್ಲ. ನಿಮ್ಮ ಮನೆ ಕೊಳ್ಳುವವರು ತಮ್ಮದನ್ನು ಮಾರಬೇಕು, ನಿಮಗೆ ಮಾರುವವರು ಇನ್ನೊಂದನ್ನು ಕೊಳ್ಳಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಎಲ್ಲರೂ ಮತ್ತೆ ಮೊದಲಿಗೆ. ‘ಗೃಹಪ್ರವೇಶಕ್ಕೆ ಮುಹೂರ್ತ ಇಡಿಸಿದ್ದೀವಿ’ ಎಂದು ಊರಿನವರು ಅವಸರಪಡಿಸಬಾರದು.

ಬೆಂಗಳೂರಿನ ಫ್ಲಾಟ್, ಲೀಡ್ಸ್‌ನ ತೆರಿಗೆ

ಊರಿನಲ್ಲಿರುವ ತಂದೆ–ತಾಯಂದಿರು ಮುಖ್ಯವಾಗಿ ಗಮನಿಸಬೇಕಾದದ್ದು ಇಲ್ಲಿದೆ. ಎರಡನೇ ಮನೆ ಕೊಳ್ಳುವವರಿಗೆ ಇಂಗ್ಲೆಂಡಿನಲ್ಲಿ 2024ರ ಅಕ್ಟೋಬರ್ 31ರಿಂದ ಶೇ 5 ಹೆಚ್ಚುವರಿ ಶುಲ್ಕವಿದೆ, ಅದೂ ಪೂರ್ತಿ ಬೆಲೆಯ ಮೇಲೆ. ಮೊದಲ ಮನೆ ಎಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ, ಜಯನಗರದಲ್ಲಿದ್ದರೂ, ಹುಬ್ಬಳ್ಳಿಯಲ್ಲಿದ್ದರೂ. ಅದರಲ್ಲಿ ಅವರ ಪಾಲು 40,000 ಪೌಂಡ್ ಅಥವಾ ಹೆಚ್ಚು ಬೆಲೆಯದಾದರೆ ಸಾಕು. ಗಂಡ–ಹೆಂಡತಿಯಲ್ಲಿ ಒಬ್ಬರ ಹೆಸರಿನಲ್ಲಿದ್ದರೂ ಇಬ್ಬರಿಗೂ ಅನ್ವಯ.

ಬಾಡಿಗೆ ಮನೆಯಲ್ಲಿರುವ ಮಗ 3 ಲಕ್ಷ ಪೌಂಡ್‌ನ ಮನೆಯನ್ನು ಜೀವನದ ಮೊದಲ ಮನೆಯಾಗಿ ಕೊಂಡರೆ ಮುದ್ರಾಂಕ ಶುಲ್ಕ ಸೊನ್ನೆ. ಅಪ್ಪ ಪ್ರೀತಿಯಿಂದ ಅವನ ಹೆಸರಿಗೆ ಮಾಡಿಸಿದ ಬೆಂಗಳೂರಿನ ಫ್ಲಾಟ್ ಇದ್ದರೆ ಮೊದಲ ಮನೆಯ ರಿಯಾಯಿತಿ ಹೋಗಿ 5,000, ಹೆಚ್ಚುವರಿ ಶುಲ್ಕ 15,000, ಒಟ್ಟು 20,000 ಪೌಂಡ್. ಆದರೆ ಇಲ್ಲಿ ವಾಸದ ಮನೆಯನ್ನೇ ಮಾರಿ ಇನ್ನೊಂದು ವಾಸದ ಮನೆಗೆ ಹೋಗುವವರಿಗೆ, ಊರಿನಲ್ಲಿ ಫ್ಲಾಟ್ ಇದ್ದರೂ ಈ ಹೆಚ್ಚುವರಿ ಶುಲ್ಕ ಬೀಳುವುದಿಲ್ಲ. ಹಳೆಯದನ್ನು ಬಾಡಿಗೆಗೆ ಇಟ್ಟುಕೊಂಡು ಹೊಸದು ಕೊಂಡರೆ ಬೀಳುತ್ತದೆ. 3 ವರ್ಷದೊಳಗೆ ಹಳೆಯದನ್ನು ಮಾರಿದರೆ ವಾಪಸ್ ಕೇಳಬಹುದು. ಪಿತ್ರಾರ್ಜಿತ, ಅವಿಭಕ್ತ ಕುಟುಂಬದ ಪಾಲಿನ ಪ್ರಶ್ನೆ ಬಂದಾಗ ಎರಡೂ ದೇಶದ ಕಾನೂನು ಬಲ್ಲವರ ಬಳಿ ಹೋಗುವುದೇ ಸರಿ. ಅಂದಹಾಗೆ, ಮನೆಗೆಂದು ಊರಿನಿಂದ ಹಣ ಕಳಿಸುವವರು ಅದು ಸಾಲವಲ್ಲ, ಉಡುಗೊರೆ ಎಂಬ ಪತ್ರ ಮತ್ತು ಹಣದ ಮೂಲದ ದಾಖಲೆ ಸಿದ್ಧವಿಟ್ಟುಕೊಳ್ಳಬೇಕು. ಅಲ್ಲಿನ ಬ್ಯಾಂಕ್ ಮತ್ತು ವಕೀಲರು ಕೇಳಿಯೇ ಕೇಳುತ್ತಾರೆ.

ಆ ಕೋಣೆ ಯಾರಿಗೆ?

ಕೆಳಗಿನ ಅಂತಸ್ತಿನ ಹೊಸ ಕೋಣೆಗೆ ಮನೆಮಂದಿ ಇಡುವ ಹೆಸರು ಬಹುತೇಕ ಒಂದೇ: ‘ಅಪ್ಪ–ಅಮ್ಮನ ರೂಮು’. ಆದರೆ ಅಪ್ಪ–ಅಮ್ಮ ಅಲ್ಲಿ ಎಷ್ಟು ದಿನ ಇರಬಲ್ಲರು ಎಂಬುದನ್ನು ನಿರ್ಧರಿಸುವುದು ಕೋಣೆಯಲ್ಲ, ವೀಸಾ. ಸಂದರ್ಶಕರ ವೀಸಾ 2, 5, 10 ವರ್ಷಕ್ಕೂ ಸಿಗುತ್ತದೆ, ಒಂದು ಸಲಕ್ಕೆ ಇರಬಹುದಾದದ್ದು ಮಾತ್ರ ಗರಿಷ್ಠ 6 ತಿಂಗಳು. ಮತ್ತೆ ಮತ್ತೆ ಬಂದು ಅದನ್ನೇ ಮನೆಯಾಗಿಸಿಕೊಳ್ಳುವಂತಿಲ್ಲ. ಎನ್‌ಎಚ್‌ಎಸ್ ಆಸ್ಪತ್ರೆಯಲ್ಲಿ ದಾಖಲಾದರೆ ಸಂದರ್ಶಕರಿಗೆ ವೆಚ್ಚದ ಶೇ 150ರ ದರದಲ್ಲಿ ಬಿಲ್, ಆದ್ದರಿಂದ ವಿಮೆ ಇಲ್ಲದೆ ವಿಮಾನ ಹತ್ತಬಾರದು.

ಶಾಶ್ವತವಾಗಿ ಕರೆಸಿಕೊಳ್ಳುವ ದಾರಿ 2012ರ ಜುಲೈ 9ರಿಂದ ಸೂಜಿಕಣ್ಣಿನಷ್ಟು ಕಿರಿದಾಗಿದೆ. ವಯಸ್ಸು ಅಥವಾ ಕಾಯಿಲೆಯಿಂದ ಸ್ನಾನ, ಉಡುಪು, ಅಡುಗೆಯಂಥ ನಿತ್ಯದ ಕೆಲಸಕ್ಕೂ ದೀರ್ಘಕಾಲದ ಆರೈಕೆ ಬೇಕಿರಬೇಕು. ಮಕ್ಕಳು ಹಣ ಕಳಿಸಿದರೂ ಆ ಆರೈಕೆ ಭಾರತದಲ್ಲಿ ಸಿಗದು ಎಂದು ತೋರಿಸಬೇಕು. ಆಸ್ಪತ್ರೆ, ಹೋಮ್ ನರ್ಸ್ ಎಲ್ಲವೂ ಇರುವ ಮೈಸೂರು, ಮಂಗಳೂರಿನವರು ಇದನ್ನು ಸಾಬೀತುಪಡಿಸುವುದು ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ. ಗಟ್ಟಿಮುಟ್ಟಾಗಿರುವಾಗ ಬರುವಂತಿಲ್ಲ, ಹಾಸಿಗೆ ಹಿಡಿದ ಮೇಲೆ ಪ್ರಯಾಣ ಸಾಧ್ಯವಿಲ್ಲ.

ಹಾಗಾಗಿ 60,000 ಪೌಂಡ್‌ನ ಕೋಣೆಯ ಚರ್ಚೆಯಲ್ಲಿ ಊರಿನವರೂ ಬಾಯಿಬಿಟ್ಟು ಹೇಳಬೇಕು: ವರ್ಷಕ್ಕೆ ನಾವು ನಿಜವಾಗಿ ಎಷ್ಟು ತಿಂಗಳು ಬರುತ್ತೇವೆ? ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಊರಿನಲ್ಲಿ ಇರುವ ಮನಸ್ಸಿದೆಯೇ? ‘ನಿಮಗೋಸ್ಕರ ಕಟ್ಟಿಸಿದೆವು’ ಎನ್ನುವ ಮಕ್ಕಳು, ‘ನಾವು ಕೇಳಿರಲಿಲ್ಲ’ ಎನ್ನುವ ಹಿರಿಯರು — ಇಬ್ಬರೂ ಸಂಕೋಚದಿಂದ ಮುಂದೂಡುವ ಮಾತು ಇದು. ಮೂರು ತಿಂಗಳ ಭೇಟಿಗೆ ಮೆಟ್ಟಿಲಡಿಯಲ್ಲಿ ಒಂದು ಶೌಚಾಲಯ, ಮುಂದಿನ ಕೋಣೆಯಲ್ಲಿ ಒಂದು ಸೋಫಾ ಮಂಚ ಸಾಕಾಗುವ ಮನೆಗಳು ಎಷ್ಟೋ.

ಸ್ಥಳ ಬದಲಿಸುವವರನ್ನು ಎಳೆಯುವುದು ಹೆಚ್ಚಾಗಿ ಶಾಲೆ. ಮ್ಯಾಂಚೆಸ್ಟರ್ ಪಕ್ಕದ ಟ್ರಾಫರ್ಡ್‌ನಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆ ಬರೆದು ಸೇರುವ ಸರ್ಕಾರಿ ಗ್ರಾಮರ್ ಶಾಲೆಗಳಿವೆ, ಲೀಡ್ಸ್‌ನಲ್ಲಿಲ್ಲ. ಉಳಿದ ಶಾಲೆಗಳಲ್ಲಿ ಮನೆಯಿಂದ ಎಷ್ಟು ದೂರ ಎಂಬುದರ ಮೇಲೆ ಸೀಟು ನಿಂತಿರುವುದು ಸಾಮಾನ್ಯ. ಮಾಧ್ಯಮಿಕ ಶಾಲೆಗೆ ಅರ್ಜಿಯ ಕೊನೆಯ ದಿನ ಅಕ್ಟೋಬರ್ 31, ಪ್ರಾಥಮಿಕಕ್ಕೆ ಜನವರಿ 15. ಮಗುವಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ಹಿತ್ತಲಲ್ಲಿ ಪಾಯ ತೆಗೆದವರು, ಮರುವರ್ಷ ಶಾಲೆಗಾಗಿ ಮನೆ ಬಿಡುವಂತಾದರೆ ಎರಡೂ ಖರ್ಚು ತಲೆಯ ಮೇಲೆ.

1983ರಲ್ಲಿ ಕನ್ನಡ ಬಳಗ ಕಟ್ಟಿದ ತಲೆಮಾರಿನ ವೈದ್ಯರಿಗೆ ಈಗ ಇದಕ್ಕೆ ತಿರುಗುಮುರುಗಾದ ಚಿಂತೆ. ನಾಲ್ಕೈದು ಕೋಣೆಯ ಒಂಟಿ ಮನೆ, ಲಂಡನ್ ಸೇರಿದ ಮಕ್ಕಳು, ಬೆಚ್ಚಗಿಡಲು ದುಬಾರಿ ಗ್ಯಾಸ್ ಬಿಲ್. ಅವರು ಸಣ್ಣ ಮನೆಗೆ ಇಳಿಯುವುದೋ ಎಂದು ಯೋಚಿಸುತ್ತಿರುವಾಗ, ನಿನ್ನೆ ಮೊನ್ನೆ ಬಂದ ಐಟಿಯವರು, ನರ್ಸ್‌ಗಳು ದೊಡ್ಡದನ್ನು ಹುಡುಕುತ್ತಿದ್ದಾರೆ.

ಹಿಗ್ಗಿಸಲು ನಿರ್ಧರಿಸಿದವರು ಮೇಸ್ತ್ರಿಗೆ ಕೊನೆಯ ಕಂತು ಕೊಡುವ ಮುನ್ನ ಕಟ್ಟಡ ನಿಯಮದ ಕಂಪ್ಲೀಷನ್ ಸರ್ಟಿಫಿಕೇಟ್ ಕೈಗೆ ಬಂದಿದೆಯೇ ನೋಡಿಕೊಳ್ಳಲಿ. ನಾಳೆ ಆ ಮನೆ ಮಾರುವಾಗ ಎದುರು ಪಾರ್ಟಿಯ ವಕೀಲ ಕೇಳುವ ಮೊದಲ ಕಾಗದಗಳಲ್ಲಿ ಅದೂ ಒಂದು.