ಸ್ವಾತಂತ್ರ್ಯದ ಎಲ್ಲೆ ಎಲ್ಲಿ?

ಸ್ವಾತಂತ್ರ್ಯವೆಂಬ ಮಾತು ಇಂದು ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಆ ಮಾತು ಕಿವಿಗೆ ಬಿದ್ದೊಡನೆ ಹಿರಿಯರಿಗೆ ಸ್ವೇಚ್ಛಾಚಾರದ ಭಯ. ಕಿರಿಯರಿಗೆ ಯಾರಿಗೂ ಉತ್ತರಿಸಬೇಕಾಗಿಲ್ಲವೆಂಬ ಭ್ರಮೆ. ಎರಡೂ ಅರೆ ತಿಳಿವಳಿಕೆಗಳೇ. ಪಾಶ್ಚಾತ್ಯ ರಾಜ್ಯಶಾಸ್ತ್ರದಲ್ಲಿ 'ಉದಾರವಾದ'ವೆಂದು ಹೆಸರಾದ ಚಿಂತನೆಯು ಸ್ವಾತಂತ್ರ್ಯವನ್ನು ಹೇಗೆ ಕಂಡಿತು, ಅದಕ್ಕೆ ಯಾವ ಎಲ್ಲೆಯನ್ನು ಹಾಕಿತು ಎಂಬುದನ್ನು ಸಂಕ್ಷೇಪವಾಗಿ ನೋಡೋಣ.

ಈ ಚಿಂತನೆಯ ಮೂಲಪುರುಷರಲ್ಲಿ ಅಗ್ರಗಣ್ಯನು ಇಂಗ್ಲೆಂಡಿನ ಜಾನ್ ಲಾಕ್ (1632–1704). ಅವನ ಕಾಲದಲ್ಲಿ ರಾಬರ್ಟ್ ಫಿಲ್ಮರ್ ಎಂಬವನ ವಾದವೊಂದು ಪ್ರಚಾರದಲ್ಲಿತ್ತು. ಆದಿಮಾನವನಾದ ಆಡಮನಿಗೆ ತನ್ನ ಮಕ್ಕಳ ಮೇಲೆ ದೇವರು ಕೊಟ್ಟ ಪಿತೃಾಧಿಕಾರವೇ ರಾಜರಿಗೆ ಬಂದಿದೆ. ಆದುದರಿಂದ ಪ್ರಜೆಗಳು ಮಕ್ಕಳಂತೆ ವಿಧೇಯರಾಗಿರಬೇಕು ಎಂಬುದು ಆ ವಾದದ ಸಾರ. 1689ರಲ್ಲಿ ಹೆಸರು ಹಾಕದೆ ಹೊರತಂದ ಸರ್ಕಾರವನ್ನು ಕುರಿತ ಎರಡು ಪ್ರಬಂಧಗಳಲ್ಲಿ ಲಾಕ್ ಇದನ್ನು ಖಂಡಿಸಿದನು. ಮನುಷ್ಯರು ಸ್ವಭಾವತಃ ಸಮಾನರು. ಆಳುವವನ ಅಧಿಕಾರಕ್ಕೆ ಆಳಿಸಿಕೊಳ್ಳುವವರ ಸಮ್ಮತಿಯೇ ಆಧಾರ. ಜೀವ, ಸ್ವಾತಂತ್ರ್ಯ, ಸ್ವತ್ತುಗಳನ್ನು ಕಾಯದೆ ಕಸಿಯುವ ಅರಸನನ್ನು ಪ್ರಜೆಗಳು ವಿರೋಧಿಸಬಹುದು ಎಂದನು.

ಗೃಹಸ್ಥರು ಗಮನಿಸಬೇಕಾದ ಮಾತು ಇನ್ನೊಂದಿದೆ. ತಂದೆಯ ಅಧಿಕಾರದ ಹೆಸರಿನಲ್ಲಿ ಎದ್ದ ವಾದಕ್ಕೆ ಉತ್ತರ ಕೊಡಲು ಹೊರಟ ಲಾಕ್, ತಂದೆಯ ಅಧಿಕಾರವೆಂದರೇನು ಎಂಬುದನ್ನೇ ಮೊದಲು ವಿಚಾರಿಸಿದನು. ಅದು ತಂದೆಯೊಬ್ಬನದಲ್ಲ, ತಾಯಿಗೂ ಸಮಪಾಲು ಸಲ್ಲುತ್ತದೆ. ಮಕ್ಕಳಿಗೆ ವಿವೇಕ ಬರುವವರೆಗೆ ಅವರನ್ನು ಸಾಕಿ, ತಿದ್ದಿ ಬೆಳೆಸುವ ಕರ್ತವ್ಯದಿಂದ ಅದು ಹುಟ್ಟಿದೆ. ವಿವೇಕ ಬಲಿತ ಮೇಲೆ ಆಜ್ಞೆ ಮಾಡುವ ಹಕ್ಕು ಮುಗಿಯುತ್ತದೆ. ಆದರೆ ತಾಯಿತಂದೆಗಳಿಗೆ ಮಕ್ಕಳು ಸಲ್ಲಿಸಬೇಕಾದ ಗೌರವ ಬದುಕಿರುವತನಕ ಮುಗಿಯುವುದಿಲ್ಲ. ಆಜ್ಞೆ ಬೇರೆ, ಗೌರವ ಬೇರೆ ಎಂಬ ಈ ವಿವೇಚನೆ ಇಂದಿಗೂ ಬೆಲೆಯುಳ್ಳದ್ದು.

ಲಾಕ್‌ನ ಕಾಲದಲ್ಲಿ ಭಯವಿದ್ದುದು ರಾಜನಿಂದ. ಹತ್ತೊಂಬತ್ತನೆಯ ಶತಮಾನದ ಜಾನ್ ಸ್ಟುವರ್ಟ್ ಮಿಲ್ (1806–1873) ಇನ್ನೊಂದು ಭಯವನ್ನು ಗುರುತಿಸಿದನು, ಅದು ಸಮಾಜದ್ದು. 1859ರಲ್ಲಿ ಪ್ರಕಟವಾದ 'ಆನ್ ಲಿಬರ್ಟಿ' ಗ್ರಂಥದಲ್ಲಿ ಅವನು ಹೇಳುವುದಿಷ್ಟು: ರಾಜದಂಡಕ್ಕಿಂತ ಜನಾಭಿಪ್ರಾಯದ ದಬ್ಬಾಳಿಕೆ ಬದುಕಿನ ಒಳಹೊಕ್ಕು ಮನಸ್ಸನ್ನೇ ಕಟ್ಟಿಹಾಕಬಲ್ಲದು. 'ನಾಲ್ಕು ಜನ ಏನೆಂದಾರು' ಎಂಬ ನಮ್ಮ ಅಂಜಿಕೆಯನ್ನು ನೆನೆದರೆ ಇದರ ಅರ್ಥ ತಾನೇ ಹೊಳೆಯುತ್ತದೆ. ಪ್ರಾಪ್ತ ವಯಸ್ಕನೊಬ್ಬನನ್ನು ಬಲವಂತದಿಂದ ತಡೆಯಲು ಒಂದೇ ನ್ಯಾಯವಾದ ಕಾರಣವುಂಟು. ಅದು ಇತರರಿಗೆ ಆಗುವ ಕೇಡನ್ನು ತಪ್ಪಿಸುವುದು. ಅವನ ಹಿತಕ್ಕಾಗಿಯೇ ಆದರೆ ಬುದ್ಧಿ ಹೇಳಬಹುದು, ಬೇಡಿಕೊಳ್ಳಬಹುದು, ವಾದಿಸಬಹುದು, ಬಲ ಪ್ರಯೋಗಿಸಕೂಡದು. ಇದು ಸ್ವೇಚ್ಛಾಚಾರವಲ್ಲ. ಪರರಿಗೆ ಕೇಡು ತಟ್ಟುವಲ್ಲಿ ಎಲ್ಲೆ ಇದ್ದೇ ಇದೆ.

ಮಿಲ್ ಇದನ್ನು ತನ್ನ ಮನೆಯಿಂದಲೇ ಆರಂಭಿಸಿದನು. 1851ರಲ್ಲಿ ಹ್ಯಾರಿಯೆಟ್ ಟೇಲರ್ ಎಂಬ ವಿಧವೆಯನ್ನು ವರಿಸುವ ಮುನ್ನ, ಪತ್ನಿಯ ಮೇಲೆ ಮತ್ತು ಆಕೆಯ ಸ್ವತ್ತಿನ ಮೇಲೆ ಅಂದಿನ ಕಾನೂನು ಪತಿಗೆ ಕೊಡುತ್ತಿದ್ದ ಅಧಿಕಾರಗಳನ್ನು ತಾನು ಎಂದೂ ಬಳಸುವುದಿಲ್ಲವೆಂದು ಬರೆದುಕೊಟ್ಟನು. 1867ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಸ್ತ್ರೀಯರಿಗೂ ಮತದಾನದ ಹಕ್ಕು ಬೇಕೆಂದು ತಿದ್ದುಪಡಿ ಮಂಡಿಸಿದನು. ಪರವಾಗಿ ಬಂದ ಮತಗಳು 73, ವಿರುದ್ಧವಾಗಿ 196. ಸೋತರೂ ಅವನು ಹಿಂಜರಿಯಲಿಲ್ಲ; ಸ್ತ್ರೀಯರ ಪರಾಧೀನತೆಯನ್ನು ಕುರಿತ ಅವನ ಗ್ರಂಥವು 1869ರಲ್ಲಿ ಹೊರಬಂದಿತು.

ಆದರೆ ಅವನ ದೃಷ್ಟಿಗೂ ಮಬ್ಬು ಕವಿದಿತ್ತು. ಆ ಮಬ್ಬು ಕವಿದದ್ದು ನಮ್ಮ ದೇಶವನ್ನು ನೋಡುವಾಗಲೇ. 1823ರಿಂದ 1858ರವರೆಗೆ ಮಿಲ್ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿದ್ದು ಭಾರತಕ್ಕೆ ಹೋಗುವ ಆಡಳಿತಪತ್ರಗಳನ್ನು ಬರೆದವನು. ಭಾರತದ ಮಣ್ಣನ್ನು ಅವನು ಎಂದೂ ಮೆಟ್ಟಲಿಲ್ಲ. ಮುಂದುವರಿಯದ ಜನಾಂಗಗಳಿಗೆ ತನ್ನ ಸ್ವಾತಂತ್ರ್ಯತತ್ತ್ವ ಅನ್ವಯಿಸದು, ಅವರಿಗೆ ನಿರಂಕುಶ ಆಳ್ವಿಕೆಯೇ ಸೂಕ್ತವೆಂದು ಅದೇ ಗ್ರಂಥದಲ್ಲಿ ಬರೆದನು. 1861ರ ಇನ್ನೊಂದು ಗ್ರಂಥದಲ್ಲಿ ಓದುಬರಹ ಬಾರದವರಿಗೆ ಮತವೇ ಬೇಡವೆಂದೂ, ವಿದ್ಯಾವಂತರಿಗೆ ಒಂದಕ್ಕಿಂತ ಹೆಚ್ಚು ಮತಗಳಿರಲೆಂದೂ ವಾದಿಸಿದನು. ಪ್ರಜೆಗಳು ಅರಸನ ಮಕ್ಕಳೆಂದ ಫಿಲ್ಮರ್‌ನ ವಾದವೇ ಇಲ್ಲಿ ವೇಷ ಬದಲಿಸಿ ಬಂದಂತಾಯಿತಲ್ಲವೆ?

ಇದಕ್ಕೆ ಉತ್ತರ ಭಾರತದಿಂದಲೇ ಬಂದಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ವಯಸ್ಕರೆಲ್ಲರಿಗೂ, ಸ್ತ್ರೀಪುರುಷ ಭೇದವಿಲ್ಲದೆ, ತಲಾ ಒಂದು ಮತವನ್ನು ಕೊಟ್ಟಿತು. ಅಕ್ಷರ ಬಲ್ಲವರು ಐವರಲ್ಲಿ ಒಬ್ಬರೂ ಇರದಿದ್ದ ಕಾಲವದು. ಆದರೂ 1951–52ರ ಪ್ರಥಮ ಮಹಾಚುನಾವಣೆಯಲ್ಲಿ ಜನರು ಚಿಹ್ನೆಗಳನ್ನು ನೋಡಿ, ವಿಚಾರ ಮಾಡಿ ಮತ ಹಾಕಿದರು. ಸಂವಿಧಾನದ 19ನೆಯ ವಿಧಿಯು ಮಾತು, ಸಭೆ, ಸಂಘಗಳ ಸ್ವಾತಂತ್ರ್ಯವನ್ನು ಕೊಟ್ಟು, ಅವುಗಳ ಮೇಲಿನ ನಿರ್ಬಂಧಗಳು ಸಮಂಜಸವಾಗಿರಬೇಕೆಂದು ವಿಧಿಸಿದೆ. ಅಂದರೆ ಕಾರಣ ತೋರಿಸುವ ಹೊಣೆ ನಿರ್ಬಂಧಿಸುವವರ ಮೇಲಿದೆ.

ಉದಾರವಾದದ ತಿರುಳೂ ಇದೇ ಎಂದು ನಾವು ಭಾವಿಸುತ್ತೇವೆ. ಅರಸನಾಗಲಿ, ಬಹುಮತವಾಗಲಿ, ಮನೆಯ ಯಜಮಾನನಾಗಲಿ, ಇನ್ನೊಬ್ಬರನ್ನು ತಡೆಯುವವನು ಕಾರಣ ಹೇಳಬೇಕು. ಮಗಳ ಓದನ್ನು ನಿಲ್ಲಿಸುವಾಗ, ಬೆಳೆದ ಮಗನ ವೃತ್ತಿಯನ್ನು ನಿರ್ಧರಿಸುವಾಗ, ಸೊಸೆಯ ಮಾತನ್ನು ಅರ್ಧದಲ್ಲಿಯೇ ತುಂಡರಿಸುವಾಗ ಹಿರಿಯರು ತಮ್ಮನ್ನು ಕೇಳಿಕೊಳ್ಳಬೇಕು: ಇದರಿಂದ ಯಾರಿಗೆ ಕೇಡು? ಹಾಗೆಯೇ ಕಿರಿಯರೂ ತಮ್ಮ ನಡೆಯಿಂದ ಮನೆಯ ದುರ್ಬಲರಿಗೆ ಕೇಡು ತಟ್ಟೀತೇ ಎಂದು ಕೇಳಿಕೊಳ್ಳಬೇಕು. ಹೇಳಲು ಕಾರಣವಿದ್ದರೆ ಹಿರಿಯರ ಮಾತಿಗೆ ತೂಕ ಬರುತ್ತದೆ. ಕಾರಣವಿಲ್ಲದಿದ್ದಲ್ಲಿ ಸುಮ್ಮನಿರುವುದರಿಂದ ಹಿರಿತನಕ್ಕೆ ಕುಂದೇನೂ ಬಾರದು.