ಮನೆಯಲ್ಲೇ ಕುಳಿತು ಮಾಗಡಿಯ ಶಾಸನ ಓದಬಹುದೇ?

ಪ್ರಶ್ನೆ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಬಗ್ಗೆ ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ಮೂಲ ಆಕರಗಳು ಅಂತರ್ಜಾಲದಲ್ಲಿ ಸಿಗುತ್ತವೆಯೇ?

ಉತ್ತರ: ಧಾರಾಳವಾಗಿ ಸಿಗುತ್ತವೆ. ಮೊದಲು ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ 9ನೇ ಸಂಪುಟ (1905) ತೆರೆಯಿರಿ. ಆಗಿನ ಬೆಂಗಳೂರು ಜಿಲ್ಲೆಯ ಶಾಸನಗಳು ಅದರಲ್ಲಿ ತಾಲ್ಲೂಕುವಾರು ಇವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ಇಂಗ್ಲಿಷ್ ಅನುವಾದವೂ ಇದೆ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಕನ್ನಡ ಪಾಠವನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಓದಿ. ದತ್ತಿ ಕೊಟ್ಟವರು ಯಾರು, ಗದ್ದೆಯ ಎಲ್ಲೆ ಯಾವುದು ಎಂಬ ವಿವರಗಳಲ್ಲೇ ನಿಮ್ಮ ಪ್ರಬಂಧದ ಜೀವ ಇರುತ್ತದೆ.

ಹುಡುಕುವಾಗ ಹಳೆಯ ಹೆಸರುಗಳನ್ನು ಮರೆಯಬೇಡಿ. ಬ್ರಿಟಿಷ್ ದಾಖಲೆಗಳಲ್ಲಿ ರಾಮನಗರ ಕ್ಲೋಸ್‌ಪೇಟ್ ಆಗಿದೆ; ಕನಕಪುರ ಕಾನಕಾನಹಳ್ಳಿ. ಇಂಗ್ಲಿಷ್ ಕಾಗುಣಿತವೂ ಒಂದೊಂದು ಕಡೆ ಒಂದೊಂದು ಥರ, ಎಲ್ಲವನ್ನೂ ಹಾಕಿ ನೋಡಿ.

ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನ (1807) ನನಗಂತೂ ಅಚ್ಚುಮೆಚ್ಚು. 1800ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಆತ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ತಯಾರಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ಆದರೆ ಟಿಪ್ಪುವನ್ನು ಸೋಲಿಸಿದ ಈಸ್ಟ್ ಇಂಡಿಯಾ ಕಂಪನಿಯೇ ಅವನನ್ನು ಕಳಿಸಿದ್ದು; ಅದನ್ನು ನೆನಪಿಟ್ಟುಕೊಂಡೇ ಓದಿ.

ಮಾಗಡಿ ಬಳಿಯ ಸಾವನದುರ್ಗದ 1791ರ ಮುತ್ತಿಗೆಯಂಥ ವಿಷಯಗಳಿಗೆ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣವನ್ನೂ ಜಾಲಾಡಿ. ಯಾವ ಆಕರವನ್ನು ಓದಿದರೂ ಸಂಪುಟ, ಪುಟ, ಶಾಸನ ಸಂಖ್ಯೆಗಳನ್ನು ಆಗಲೇ ಬರೆದಿಟ್ಟುಕೊಳ್ಳಿ.